ಅಜ್ಜಿ ಒಪ್ಪದ ನಾಲ್ಕನೆಯ ಬಣ್ಣ

ತುಮಕೂರಿನಲ್ಲಿ ನಮ್ಮಪ್ಪನದೊಂದು ಪುಟ್ಟ ಪ್ರೆಸ್ಸು. ಅಲ್ಲಿ ಒಂದು ಪತ್ರಿಕೆಗೆ ಒಂದೇ ಬಣ್ಣ. ಎರಡು ಮೂರು ಡಬ್ಬಿಯಿಂದ ತೆಗೆದು, ಕಲ್ಲಿನ ಮೇಲೆ ಚಾಕುವಿನಿಂದ ಕಲಸಿ, ಬೇಕಾದ ಬಣ್ಣ ಬಂದ ಮೇಲೆಯೇ ಮಷೀನಿಗೆ ಹಚ್ಚುತ್ತಿದ್ದರು. ಲಗ್ನಪತ್ರಿಕೆಗೆ ಕುಂಕುಮದ ಕೆಂಪು, ತಿಥಿ ಕಾರ್ಡಿಗೆ ಕಪ್ಪು. ಇದನ್ನು ತಪ್ಪಿಸಿದರೆ ಗಿರಾಕಿಗಳು ಜಗಳಕ್ಕೇ ಬರುತ್ತಿದ್ದರು.

ಎಂಬತ್ತರ ದಶಕದಲ್ಲಿ ಕುಣಿಗಲ್ಲಿನ ಹುಡುಗನೊಂದಿಗೆ ನನ್ನ ಮದುವೆ ಗೊತ್ತಾಯಿತು. ಊರವರಿಗೆಲ್ಲ ಒಂದೇ ಬಣ್ಣದಲ್ಲಿ ಅಚ್ಚು ಹಾಕಿಕೊಟ್ಟ ಅಪ್ಪನಿಗೆ, ಮಗಳ ಪತ್ರಿಕೆಯಾದರೂ ನಾಲ್ಕು ಬಣ್ಣದ ಗಣಪತಿಯೊಂದಿಗೆ ಬರಬೇಕೆಂಬ ಆಸೆ. ಬೆಂಗಳೂರಿನ ಆಫ್‌ಸೆಟ್ ಪ್ರೆಸ್ಸಿಗೆ ಕೊಟ್ಟರು. ಅಲ್ಲಿ ಯಾರೂ ಬಣ್ಣ ಕಲಸುವುದಿಲ್ಲ. ಹಳದಿ, ಕೆಂಪು, ನೀಲಿ, ಕಪ್ಪು ಚುಕ್ಕಿಗಳನ್ನು ಬೇರೆಬೇರೆಯಾಗಿ ಒಂದೇ ಹಾಳೆಗೆ ಒತ್ತುತ್ತಾರೆ. ಕಲಸುವ ಕೆಲಸ ನೋಡುವವರ ಕಣ್ಣಿಗೆ ಬಿಟ್ಟಿದ್ದು. "ಮಂಕುಬೂದಿ ಎರಚೋ ವಿದ್ಯೆ ಅನ್ನಿ" ಎಂದು ನಾನು ಅಪ್ಪನನ್ನು ರೇಗಿಸಿದೆ.

ಬಣ್ಣಕ್ಕೊಂದರಂತೆ ಬಂದ ಪ್ರೂಫುಗಳನ್ನು ಅಪ್ಪ ಹೆಮ್ಮೆಯಿಂದ ತಮ್ಮ ತಾಯಿಯ ಮುಂದೆ ಹರಡಿದರು. ಎಡವಿದ್ದು ಅಲ್ಲೇ. ಗುಬ್ಬಿಯಿಂದ ಮದುವೆಗೆಂದೇ ಬಂದಿದ್ದ ಅಜ್ಜಿ ಬರೀ ಕಪ್ಪಿನಲ್ಲಿ ಅಚ್ಚಾಗಿದ್ದ ಹಾಳೆಯನ್ನು ಎರಡೇ ಬೆರಳಲ್ಲಿ ಎತ್ತಿದಳು.

"ಏನ್ಲಾ ಇದು? ಮೊಮ್ಮಗಳ ಮದ್ವೇಗೋ, ನನ್ ತಿಥಿಗೋ?"

"ಅದು ಮಿಕ್ಕಿದ್ರ ಜೊತೆ ಸೇರ್ಕೊಂಬುಡ್ತದೆ ಕಣವ್ವ. ಕಾಣಾಕಿಲ್ಲ."

"ಕಾಣ್ದಿದ್ಮೇಲೆ ಯಾಕ್ಲಾ ಹಾಕ್ಬೇಕು? ತೆಗ್ಸು. ಇಲ್ದಿದ್ರೆ ನಾನ್ ಅರಿಶಿನ ಹಚ್ಚಲ್ಲ."

ಹಿರಿಯರು ಮೂಲೆಗೆ ಅರಿಶಿನ ಹಚ್ಚದ ಪತ್ರಿಕೆಯನ್ನು ಹಂಚುವಂತಿಲ್ಲ. ಅಪ್ಪ ಕಪ್ಪು ಬಿಡಿಸಿ ಇನ್ನೊಂದು ಪ್ರೂಫ್ ತರಿಸಿದರು. ಗಣಪತಿ, ಪಾಪ, ಜ್ವರದಿಂದ ಎದ್ದವನಂತಿದ್ದ. ಇಲಿಯಂತೂ ಊರೇ ಬಿಟ್ಟಿತ್ತು. ನಾನು ಬಿದ್ದುಬಿದ್ದು ನಕ್ಕೆ. ಆಮೇಲೆ ಅಪ್ಪನ ಮುಖ ಕಂಡು ಸಂಕಟವಾಯಿತು.

ಮಾರನೆಯ ದಿನ ಅಪ್ಪ ನಾಲ್ಕು ಬಣ್ಣದ ಆಸೆ ಬಿಟ್ಟು, ತಮ್ಮ ಪ್ರೆಸ್ಸಿನ ಕಲ್ಲಿನ ಮುಂದೆಯೇ ನಿಂತರು. ಕಣ್ಣು ಕುಕ್ಕುವ ಕೆಂಪು ಇಂಕು ಹಾಕಿದರು. ಅತ್ತಿತ್ತ ನೋಡಿ, ಚಾಕುವಿನ ತುದಿಯಲ್ಲಿ ಒಂದಿಷ್ಟು ಕಪ್ಪು ತೆಗೆದು ಅದರೊಳಗೆ ಕಲಸಿದರು. ಕುಂಕುಮದ ಬಣ್ಣ ಬಂತು.

"ಯಾವಾಗ್ಲೂ ಹಿಂಗೇನಾ ಅಪ್ಪ?"

"ಸುಮ್ಕಿರು. ನಿಮ್ಮಜ್ಜಿ ಅರಿಶಿನ ಹಚ್ಚಿರೋ ಪತ್ರಿಕೆಗಳೆಲ್ಲಾ ಇದೇಯ."

ಅಚ್ಚಾದ ಪತ್ರಿಕೆ ನೋಡಿ ಅಜ್ಜಿ, "ಇದು ಕಣೋ ಮಂಗಳದ ಬಣ್ಣ" ಎಂದು ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದಳು. ಅಪ್ಪ ಏನೂ ಅರಿಯದವರಂತೆ ತಲೆಯಾಡಿಸಿದರು.

ಮದುವೆಯ ದಿನ ಹಸೆಗೆ ಹೊರಟ ನನ್ನನ್ನು ಅಜ್ಜಿ ತಡೆದಳು. "ದೃಷ್ಟಿ ಆಯ್ತದೆ ಕಣೇ" ಎಂದು ಕಾಡಿಗೆಗೆ ಬೆರಳದ್ದಿ ಕೆನ್ನೆಗೊಂದು ಬೊಟ್ಟಿಟ್ಟಳು. ಅಪ್ಪ ಬಗ್ಗಿ ನೋಡಿ, "ಈಗ ಬಣ್ಣ ಸರಿಹೋಯ್ತು" ಎಂದರು. ನನ್ನನ್ನು ನಗಿಸಲೆಂದೇ ಅಂದಿದ್ದು. ನನಗೆ ಅಳು ಬಂತು.