ಎರಡನೇ ದೊನ್ನೆ ಉಸಲಿ

ದಿನಕ್ಕೆ ಅರವತ್ತು ಗ್ರಾಂ ಪ್ರೊಟೀನ್ ಅಂತ ಚೀಟಿಯಲ್ಲಿ ಬರೆದು ಡಯಟಿಷಿಯನ್ ಅದರ ಕೆಳಗೆ ಎರಡು ಗೆರೆ ಎಳೆದಳು. ಮೊಟ್ಟೆ ತಿನ್ನುತ್ತೀರಾ ಅಂದಳು. ಇಲ್ಲ ಅಂದೆ. ಮೀನು? ಅದೂ ಇಲ್ಲ. ಓದಿಕೊಳ್ಳದೆ ಪರೀಕ್ಷೆಗೆ ಬಂದ ಹುಡುಗಿಯನ್ನು ನೋಡುವ ಹಾಗೆ ನನ್ನನ್ನು ನೋಡಿದಳು. ನಾನು ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಹೇಳಿಕೊಡುವವಳು, ಆ ನೋಟ ನನಗೆ ಚೆನ್ನಾಗಿ ಗೊತ್ತು.

ಆಗ ನನಗೆ ಮೂವತ್ತೆಂಟು. ಐವಿಎಫ್ ಎರಡನೇ ಸಲ. ಇದೂ ಕೈಕೊಟ್ಟರೆ ಮೂರನೆಯದಕ್ಕೆ ಒತ್ತಾಯ ಮಾಡುವುದಿಲ್ಲ ಅಂತ ಡಾಕ್ಟರು ಮೆತ್ತಗೆ ಹೇಳಿದ್ದರು. ಅಷ್ಟು ಮೆತ್ತಗೆ ಹೇಳಿದ್ದರಿಂದಲೇ ಇದು ಕೊನೆಯದು ಅಂತ ಅರ್ಥ ಮಾಡಿಕೊಂಡೆ. ಹಾಗಾಗಿ ಹೇಳಿದ್ದನ್ನೆಲ್ಲ ಚಾಚೂ ತಪ್ಪದೆ ಮಾಡಲು ಹೊರಟೆ. ಪ್ರೊಟೀನ್ ಪುಡಿ ಮೊದಲ ಲೋಟಕ್ಕೇ ವಾಂತಿ ಮಾಡಿಸಿತು. ಗಂಡ ಸೋಯಾ ಬೇಯಿಸಿದ ದಿನ ಮನೆಯೆಲ್ಲ ಒದ್ದೆ ಗೋಣಿಚೀಲದ ವಾಸನೆ. ಪನೀರು ಮೂರೇ ದಿನಕ್ಕೆ ಸಾಕಾಯಿತು. ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ತೂಗಿ ತಿಂದರೂ ಲೆಕ್ಕ ನಲವತ್ತು ದಾಟುತ್ತಿರಲಿಲ್ಲ.

ಇಂಜೆಕ್ಷನ್ ಶುರುವಾದದ್ದು ನವರಾತ್ರಿಯ ಮೊದಲ ದಿನ. ಮಲ್ಲೇಶ್ವರದ ನಮ್ಮ ಕ್ರಾಸಿನಲ್ಲಿ ಐದಾರು ಮನೆಗಳಲ್ಲಿ ಗೊಂಬೆ ಕೂರಿಸುತ್ತಾರೆ. ಸಂಜೆ ಹೆಂಗಸರನ್ನು ಕರೆದು, ಅರಿಶಿನ ಕುಂಕುಮ ಕೊಟ್ಟು, ದೊನ್ನೆಯಲ್ಲಿ ಉಸಲಿ ಕೊಡುತ್ತಾರೆ. ಬೇಯಿಸಿದ ಕಾಳಿಗೆ ಒಗ್ಗರಣೆ, ಮೇಲೊಂದಿಷ್ಟು ಕಾಯಿತುರಿ. ಒಂದು ದಿನ ಕಡಲೆ, ಒಂದು ದಿನ ಹೆಸರುಕಾಳು, ಇನ್ನೊಂದು ದಿನ ಅಲಸಂದೆ. ನಾಲ್ಕು ವರ್ಷದಿಂದ ನಾನು ಯಾರ ಮನೆಗೂ ಹೋಗಿರಲಿಲ್ಲ. ಹೋದರೆ "ಏನಾದ್ರೂ ವಿಶೇಷ ಇದ್ಯೇನಮ್ಮಾ?" ಅನ್ನುತ್ತಾರೆ, ಅಂದು ಹೊಟ್ಟೆಯ ಕಡೆ ನೋಡುತ್ತಾರೆ. ನನ್ನ ಬಾಯಿ ಅಷ್ಟು ಒಳ್ಳೆಯದಲ್ಲ. ಏನಾದರೂ ಅಂದುಬಿಟ್ಟೇನು ಅಂತ ಮನೆಯಲ್ಲೇ ಇರುತ್ತಿದ್ದೆ.

ಎದುರು ಮನೆಯ ಅಜ್ಜಿ ಮಾತ್ರ ಪ್ರತಿ ವರ್ಷ ಬಂದು ಕರೆಯುತ್ತಿದ್ದರು. ಆ ಸಲ ಬಂದಾಗ ಕೈಯಲ್ಲೇ ಒಂದು ದೊನ್ನೆ ತಂದಿದ್ದರು. ಅವರು ಮೆಟ್ಟಿಲಿಳಿದ ಮೇಲೆ ಅದನ್ನು ತೂಗಿದೆ. ಹೆಚ್ಚುಕಮ್ಮಿ ಐದು ಗ್ರಾಂ ಪ್ರೊಟೀನ್. ದಿನಕ್ಕೆ ಎರಡು ಮನೆ, ಮನೆಗೆ ಎರಡು ದೊನ್ನೆ, ಕೊರತೆ ಇಪ್ಪತ್ತೂ ತುಂಬಿಹೋಗುತ್ತದೆ. ಮಾನ ಮರ್ಯಾದೆ ಬದಿಗಿಟ್ಟು ಸೀರೆ ಉಟ್ಟೆ.

ಗೊಂಬೆ ಮನೆಯಲ್ಲಿ ಯಾರೂ ಕೂತು ತಿನ್ನುವುದಿಲ್ಲ. ಎರಡು ಕಾಳು ಬಾಯಿಗೆ ಹಾಕಿಕೊಂಡು ಉಳಿದದ್ದನ್ನು ಬ್ಯಾಗಿಗೆ ಸೇರಿಸುತ್ತಾರೆ. ನಾನು ಅಜ್ಜಿಯ ನಡುಮನೆಯಲ್ಲಿ ಚಾಪೆಯ ಮೇಲೆ ಕೂತು ತಳ ಕಾಣುವವರೆಗೆ ತಿಂದು, "ಅಜ್ಜಿ, ಇನ್ನೊಂದು ದೊನ್ನೆ ಸಿಗತ್ತಾ?" ಅಂದೆ. ಇಬ್ಬರು ಹೆಂಗಸರು ಮುಖ ಮುಖ ನೋಡಿಕೊಂಡರು. ಹೊಟ್ಟೆಬಾಕಿ ಅಂದುಕೊಂಡಿರಬೇಕು, ಅಂದುಕೊಳ್ಳಲಿ ಅಂತ ಎರಡನೆಯದನ್ನೂ ತಿಂದು ಮುಗಿಸಿದೆ.

ಅವರು ಅಂದುಕೊಂಡದ್ದು ಬೇರೆ. ಮೂರನೇ ದಿನಕ್ಕೆ ಪ್ರತಿ ಮನೆಯಲ್ಲೂ ನನಗೆಂದೇ ಸ್ಟೀಲ್ ಡಬ್ಬಿಯಲ್ಲಿ ಉಸಲಿ ತುಂಬಿಟ್ಟಿರುತ್ತಿದ್ದರು. ಒಬ್ಬರು ಹಸಿರು ಬಳೆ ತೊಡಿಸಿದರು. ಇನ್ನೊಬ್ಬರು, "ಬಾಯಿಗೆ ಏನು ಬೇಕು ಅನ್ಸತ್ತೋ ಹೇಳ್ಬಿಡು, ಸಂಕೋಚ ಮಾಡ್ಕೋಬೇಡ" ಅಂದರು. ವಿಶೇಷ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ. ನಾಲ್ಕು ವರ್ಷ ಮುಖ ತೋರಿಸದವಳು ತಾನಾಗಿ ಬಂದು ಎರಡನೇ ಸಲ ಕೇಳಿ ತಿಂದರೆ ಅದು ಬಸುರಿಯ ಬಯಕೆಯಲ್ಲದೆ ಮತ್ತೇನು? ಮೂರು ತಿಂಗಳು ತುಂಬಿಲ್ಲ, ಅದಕ್ಕೇ ಬಾಯಿ ಬಿಡುತ್ತಿಲ್ಲ ಅಂತ ಅವರಲ್ಲೇ ತೀರ್ಮಾನವಾಗಿತ್ತು.

ತಿದ್ದಬೇಕಿತ್ತು. ಉತ್ತರಪತ್ರಿಕೆಯಲ್ಲಿ ಅರ್ಧ ಅಂಕದ ತಪ್ಪನ್ನೂ ಬಿಡದವಳು ನಾನು. ಆದರೆ ತಿದ್ದಿದರೆ ಡಬ್ಬಿ ನಿಲ್ಲುತ್ತಿತ್ತು. "ಇದು ಮೋಸ ಅಲ್ವೇನೇ?" ಅಂದ ಗಂಡ. "ಪ್ರೊಟೀನ್" ಅಂದೆ. ಅದು ಪೂರ್ತಿ ನಿಜವಲ್ಲ. ಆ ಹೆಂಗಸರು ನನ್ನನ್ನು ನೋಡುತ್ತಿದ್ದ ರೀತಿ ನನಗೆ ಇಷ್ಟವಾಗತೊಡಗಿತ್ತು. ಏಳೂವರೆಗೆ ಮನೆಗೆ ಬಂದು, ಹೊಟ್ಟೆಗೆ ಸೂಜಿ ಚುಚ್ಚಿಕೊಂಡು, ಅರವತ್ತೆರಡು, ಅರವತ್ತೈದು ಅಂತ ಬರೆದಿಡುತ್ತಿದ್ದೆ.

ಹಬ್ಬ ಮುಗಿದ ಮೇಲೆ ಅಂಡಾಣು ತೆಗೆದರು. ಐದು ದಿನ ಕಳೆದು ಒಂದು ಭ್ರೂಣ ಒಳಗಿಟ್ಟರು. ಆಮೇಲೆ ಕಾಯುವುದು.

ದೀಪಾವಳಿ ಇನ್ನೇನು ಬಂತು ಅನ್ನುವಾಗ ಆಸ್ಪತ್ರೆಯಿಂದ ಫೋನ್ ಬಂತು. "ಈ ಸಲ ಆಗಿಲ್ಲ ಮೇಡಂ." ಅಷ್ಟರಲ್ಲಾಗಲೇ ಮುಟ್ಟಾಗಿತ್ತು. ಮೊದಲನೇ ಸಲ ಈ ಫೋನ್ ಸ್ಟಾಫ್ ರೂಮಿಗೆ ಬಂದಿತ್ತು. ಮುಂದಿನ ಪೀರಿಯಡ್‌ಗೆ ಹೋಗಿ ಪಾಠ ಮಾಡಿದ್ದೆ. ಯಾರಿಗೂ ಹೇಳಿರಲಿಲ್ಲ. ಏನಂತ ಹೇಳುವುದು? ರಕ್ತಪರೀಕ್ಷೆಯ ರಿಪೋರ್ಟಿನಲ್ಲಿ ಒಂದು ಅಂಕಿ ಏರಲಿಲ್ಲ, ಅಷ್ಟೆ. ಅದಕ್ಕೆ ಯಾರು ಅಳುತ್ತಾರೆ? ಈ ಸಲವೂ ಹಾಗೇ ಇದ್ದುಬಿಡುವುದು ಅಂದುಕೊಂಡಿದ್ದೆ. ಅಷ್ಟರಲ್ಲಿ ಅಜ್ಜಿ ಯಾವುದೋ ಪಾತ್ರೆ ಕೇಳಲು ಬಂದವರು ನನ್ನ ಮುಖ ನೋಡಿ ಬಾಗಿಲಲ್ಲೇ ನಿಂತರು.

"ಯಾಕೆ ಹೀಗಿದೀಯ?"

"ರಕ್ತ ಹೋಗ್ತಿದೆ ಅಜ್ಜಿ. ಡಾಕ್ಟ್ರು ಇಲ್ಲ ಅಂದ್ಬಿಟ್ರು."

ಅಜ್ಜಿ ನೆಲದ ಮೇಲೆ ಕೂತರು, ನನ್ನನ್ನೂ ಕೂರಿಸಿಕೊಂಡರು. ಸಂಜೆಯ ಹೊತ್ತಿಗೆ ಉಳಿದ ಮನೆಯವರೂ ಬಂದರು. ಒಬ್ಬರು ಮೆಣಸಿನ ಸಾರು ತಂದು ಅನ್ನ ಕಲಸಿ ಕೈಗೆ ಕೊಟ್ಟರು. ಒಬ್ಬರು ಬೆನ್ನು ಸವರಿದರು. ಮುಂದಿನ ಸಲ ನೋಡೋಣ ಅಂತ ಯಾರೂ ಅನ್ನಲಿಲ್ಲ. ಸಾವಾದ ಮನೆಯಲ್ಲಿ ಕೂರುವ ಹಾಗೆ ದನಿ ತಗ್ಗಿಸಿ ಕೂತರು. ಮಗು ಇರಲೇ ಇಲ್ಲ, ನೀವು ತಪ್ಪು ತಿಳಿದಿದ್ದೀರಿ ಅನ್ನುವ ಮಾತು ನನ್ನ ಬಾಯಿಯವರೆಗೆ ಬಂತು.

ಎಲ್ಲರೂ ಎದ್ದು ಹೋದ ಮೇಲೆ ಅಜ್ಜಿ ಒಬ್ಬರೇ ಉಳಿದರು. "ನಂದೂ ಮೊದಲನೇದು ಹೋಯ್ತು ಕಣೇ" ಅಂದರು. "ಮನಸ್ಸಲ್ಲೇ ಹೆಸರು ಇಟ್ಕೊಂಡಿದ್ದೆ. ಯಾರಿಗೂ ಹೇಳಿಲ್ಲ. ನೀನೂ ಇಟ್ಕೊಂಡಿದ್ಯಾ?"

ಇಟ್ಟುಕೊಂಡಿದ್ದೆ. ಮೊದಲ ಸಲ ಒಂದು, ಈ ಸಲ ಒಂದು. ಗಂಡನಿಗೂ ಗೊತ್ತಿರಲಿಲ್ಲ. ಅಜ್ಜಿಯ ಕಿವಿಗೆ ಬಾಯಿಟ್ಟು ಎರಡೂ ಹೇಳಿದೆ.