ಒಂದೇ ಸಾಕು ಎಂದ ಆಯಮ್ಮ

ನಮ್ಮ ಶಾಲೆಯ ಆಯಮ್ಮನ ಸೆರಗಿನ ತುದಿ ಬೆಳಿಗ್ಗೆ ಹತ್ತು ಗಂಟೆಯ ಹೊತ್ತಿಗೆಲ್ಲ ಒದ್ದೆಯಾಗಿರುತ್ತಿತ್ತು. ಮಕ್ಕಳ ಮೂಗು, ಬಾಯಿ, ಕಣ್ಣೀರು, ಕೆಲವೊಮ್ಮೆ ತೊಡೆಯ ಮೇಲೆ ಇಳಿದ ಉಚ್ಚೆ, ಎಲ್ಲದಕ್ಕೂ ಅದೇ ಸೆರಗು. ಶಾಲೆ ಕೊಟ್ಟ ಬಟ್ಟೆ ಒರಟು, ಮಕ್ಕಳ ಕೆನ್ನೆ ಉರಿಯುತ್ತದೆ ಎಂದು ಆಕೆ ಅದನ್ನು ನೆಲ ಒರೆಸಲು ಬಿಟ್ಟಿದ್ದಳು.

ಶಾಲೆ ಇದ್ದದ್ದು ತಿಪಟೂರಿನ ಹೊರವಲಯದಲ್ಲಿ. ಯುಕೆಜಿ ಟೀಚರಾಗಿ ಸೇರಿದಾಗ ನನಗೆ ಮದುವೆಯಾಗಿ ಒಂದು ವರ್ಷ. ಮಕ್ಕಳನ್ನು ಸಂಭಾಳಿಸುವುದು ನನಗೆ ಗೊತ್ತಿರಲಿಲ್ಲ. ಕಲಿಸಿದವಳು ಆಯಮ್ಮ. ಯಾವ ಮಗು ಎಷ್ಟು ಹೊತ್ತಿಗೆ ಉಚ್ಚೆಗೆ ಹೋಗಬೇಕು, ಯಾವುದು ತಿಂಡಿ ತಿನ್ನದೆ ಬಂದಿದೆ ಎಂಬುದು ಆಕೆಗೆ ಮುಖ ನೋಡಿದರೆ ಸಾಕು, ತಿಳಿಯುತ್ತಿತ್ತು. ನಾನು ಮೊದಲ ವಾರ ಮೂಗು ಮುಚ್ಚಿಕೊಂಡದ್ದನ್ನು ನೋಡಿ ನಕ್ಕಿದ್ದಳು. "ಎಲ್ಲಾರ್ ಮಕ್ಳ ಉಚ್ಚೇನೂ ಒಂದೇ ವಾಸ್ನೆ ಕಣ್ ಮಿಸ್. ಸಾವ್ಕಾರ್ರ ಮಗೂದು ಅಂತ ಬೇರೆ ಇರಕಿಲ್ಲ."

ನೊಣವಿನಕೆರೆ ಕಡೆಯ ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದಳು. ಜೊತೆಗೆ ಐದು ವರ್ಷದ ಮಗಳು. ಸರ್ಕಾರದ ಉಚಿತ ಸೀಟಿನಲ್ಲಿ ಅವಳು ನನ್ನ ತರಗತಿಯಲ್ಲೇ ಓದುತ್ತಿದ್ದಳು. ಗಂಡ ತೋಟದ ಮನೆಗಳಿಗೆ ಕಾಯಿ ಸುಲಿಯಲು ಹೋಗುತ್ತಿದ್ದ. ಸ್ವಂತ ಮನೆ, ಒಂದಿಷ್ಟು ತೆಂಗಿನ ಮರ, ಒಂದು ಹಸು ಇದ್ದವು. ಊಟಕ್ಕೆ ತೊಂದರೆ ಇರಲಿಲ್ಲ. ಇದನ್ನು ಮೊದಲೇ ಹೇಳಬೇಕು, ಏಕೆಂದರೆ ಆಮೇಲೆ ನಡೆದದ್ದಕ್ಕೆಲ್ಲ ಬಡತನವೇ ಕಾರಣ ಎಂದು ಸ್ಟಾಫ್ ರೂಮಿನಲ್ಲಿ ಎಲ್ಲರೂ ಸುಲಭವಾಗಿ ಹೇಳಿ ಮುಗಿಸಿದರು.

ಆಕೆಗೆ ಇನ್ನೆರಡು ಮಕ್ಕಳು ಬೇಕಿತ್ತು. ಅದನ್ನು ನನಗೆ ನಾಚಿಕೆಯಿಲ್ಲದೆ ಹೇಳುತ್ತಿದ್ದಳು, ನಿಮಗೇಕೆ ಇನ್ನೂ ಆಗಿಲ್ಲ ಎಂದು ಬೈಯುತ್ತಲೂ ಇದ್ದಳು. ಅತ್ತೆ ಗಂಡು ಬೇಕೆನ್ನುತ್ತಾರೆ, ನನಗೆ ಯಾವುದಾದರೂ ಸರಿ, ಮನೆಯಲ್ಲಿ ಸದ್ದಿರಬೇಕು ಎನ್ನುತ್ತಿದ್ದಳು.

ನಮ್ಮ ಶಾಲೆಯ ಕಮಿಟಿಯಲ್ಲಿ ಕೊಬ್ಬರಿ ಮಂಡಿಯ ಒಬ್ಬ ಸಾಹುಕಾರರಿದ್ದರು. ಅವರ ದೊಡ್ಡ ಮಗ ನನ್ನ ತರಗತಿಯವನು. ಚಿಕ್ಕ ಮಗುವಿಗೆ ವರ್ಷ ತುಂಬುವಾಗ ಫೋಟೋ ತೆಗೆಸಬೇಕಿತ್ತು. ಮಗು ಯಾರ ಕೈಯಲ್ಲೂ ನಿಲ್ಲುವುದಿಲ್ಲ, ನಿಮ್ಮ ಆಯಮ್ಮನನ್ನು ಕಳಿಸಿ ಎಂದು ಮನೆಯಾಕೆ ಕೇಳಿದರು. ಶನಿವಾರ ಮಧ್ಯಾಹ್ನ ಆಕೆ ಮಗಳನ್ನು ಕರೆದುಕೊಂಡು ಹೋದಳು. ಟೀಚರ್ ಎಂದು ನನ್ನನ್ನೂ ಕರೆದಿದ್ದರು.

ಮಹಡಿಯ ಮೇಲೆ ಒಂದು ಟಬ್ ಇಟ್ಟು ಅದರ ತುಂಬ ಹಾಲು ಸುರಿದಿದ್ದರು, ಮೇಲೆ ಗುಲಾಬಿ ಪಕಳೆ. ಮಗುವನ್ನು ಅದರಲ್ಲಿ ಕೂರಿಸಿದರು. ಅದು ನಡುಗಿ ಕಿರುಚತೊಡಗಿತು. ಆಯಮ್ಮ ಟಬ್ಬಿನ ಹಿಂದೆ ಕುಕ್ಕರುಗಾಲಿನಲ್ಲಿ ಕೂತು ಮಗುವಿನ ಬೆನ್ನಿಗೆ ಕೈಕೊಟ್ಟು ಹಿಡಿಯಬೇಕು, ಆದರೆ ಅವಳ ಕೈ ಫೋಟೋದಲ್ಲಿ ಬೀಳಬಾರದು. "ಇನ್ನೂ ಕೆಳಗೆ ಬಗ್ಗಮ್ಮ" ಎಂದು ಫೋಟೋದವನು ಪದೇ ಪದೇ ಹೇಳುತ್ತಿದ್ದ. ಮಗು ಹಾಲಿನಲ್ಲೇ ಉಚ್ಚೆ ಹೊಯ್ದಿತು. ಬಾಯಿಗೆ ಹಚ್ಚಿದ ಕೇಕಿನ ಕ್ರೀಮನ್ನು ಅದೇ ಹಾಲಿಗೆ ಕಕ್ಕಿತು. ಎಲ್ಲರೂ ನಕ್ಕರು. ನಾನು ಚಪ್ಪಾಳೆ ತಟ್ಟಿದೆ, ಮೊಬೈಲಿನಲ್ಲಿ ಫೋಟೋ ಕೂಡ ತೆಗೆದೆ.

ಮುಗಿದ ಮೇಲೆ ಟಬ್ಬನ್ನು ಬಚ್ಚಲಿಗೆ ಸುರಿಯುವ ಕೆಲಸವೂ ಆಯಮ್ಮನದೇ ಆಯಿತು. ಮಗಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಬಸ್ ಸ್ಟ್ಯಾಂಡಿಗೆ ನಡೆಯುವಾಗ ಅವಳು, ನಾನು ಪಾಪು ಆಗಿದ್ದಾಗ ನನಗೂ ಹೀಗೇ ಮಾಡಿಸಿದ್ರಾ ಎಂದು ಕೇಳಿದಳು. ಹೂಂ ಎಂದಳು ಆಯಮ್ಮ. ಹಾಗಾದರೆ ಫೋಟೋ ಎಲ್ಲಿ ಎಂದು ಮಗು ಬಸ್ಸು ಬರುವವರೆಗೂ ಕೇಳಿತು. ಸೋಮವಾರ ಆಯಮ್ಮ ನನ್ನೆದುರು ತನ್ನ ಕೈ ಮೂಸಿ ನೋಡಿಕೊಂಡು, ಎಷ್ಟು ತೊಳೆದರೂ ಹುಳಿ ವಾಸನೆ ಹೋಗಿಲ್ಲ ಎಂದಳು. ಮಕ್ಕಳ ಯಾವ ಗಲೀಜಿಗೂ ಹೇಸದ ಹೆಂಗಸು ಅವಳು.

ಆ ವರ್ಷದ ವಾರ್ಷಿಕೋತ್ಸವಕ್ಕೆ ನೃತ್ಯದ ಉಡುಪನ್ನು ಮನೆಯವರೇ ಹೊಲಿಸಬೇಕು ಎಂದು ಆಡಳಿತದವರು ನಿಯಮ ಮಾಡಿದರು. ಉಚಿತ ಸೀಟಿನ ಮಕ್ಕಳ ಹೆಸರನ್ನು ಪಟ್ಟಿಗೇ ಸೇರಿಸಬೇಡಿ, ಸುಮ್ಮನೆ ಅವರಿಗೆ ಯಾಕೆ ಹೊರೆ ಎಂದು ನಮಗೆ ಹೇಳಿದರು. ಪಟ್ಟಿ ಬರೆದವಳು ನಾನು. ಆಯಮ್ಮ ಉಡುಪು ಹೊಲಿಸಲು ತಯಾರಿದ್ದಳು, ನನ್ನನ್ನು ಕೇಳಿಯೂ ಕೇಳಿದಳು. ಪಟ್ಟಿ ಆಗಿಹೋಗಿದೆ ಎಂದು ಜಾರಿಕೊಂಡೆ. ಅವಳ ಮಗಳು ಹಾಡಿನ ಎಲ್ಲ ಹೆಜ್ಜೆಗಳನ್ನೂ ಕಿಟಕಿಯಿಂದ ನೋಡಿಯೇ ಕಲಿತಿದ್ದಳು.

ಮುಖ್ಯ ಅತಿಥಿಯಾಗಿ ಬಂದವರು ಅದೇ ಸಾಹುಕಾರರು. ನಮ್ಮ ಜನ ಕಡಿಮೆಯಾಗುತ್ತಿದ್ದಾರೆ, ತೋಟಕ್ಕೆ ಆಳಿಲ್ಲ, ತಾಯಂದಿರು ಸ್ವಾರ್ಥ ಬಿಟ್ಟು ಮನೆಗೆ ಮೂರು ಮಕ್ಕಳನ್ನಾದರೂ ಹೆರಬೇಕು ಎಂದು ಭಾಷಣ ಮಾಡಿದರು. ಜನ ಚಪ್ಪಾಳೆ ಹೊಡೆದರು. ವೇದಿಕೆಯ ಹಿಂದೆ ಆಯಮ್ಮ ವಾಂತಿ ಮಾಡಿಕೊಂಡ ಒಂದು ಮಗುವಿನ ಜರಿ ಅಂಗಿ ಒರೆಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ, ತಲೆ ಎತ್ತಲಿಲ್ಲ.

"ಮೂರು ಹೆರಿ ಅಂತಾನೆ ಮಿಸ್. ಇರೋಳೊಬ್ಳನ್ನ ಸ್ಟೇಜ್ ಹತ್ಸಕ್ಕಾಗ್ಲಿಲ್ಲ ಇವ್ರ ಕೈಲಿ. ಇನ್ನೆರಡು ಯಾಕೆ, ಇವ್ರ ಟಬ್ ಹಿಂದೆ ಕೂತ್ಕಳಕ್ಕಾ?"

ನಾನು ಮುಂದಿನ ನೃತ್ಯದ ಮಕ್ಕಳನ್ನು ಸಾಲಾಗಿ ನಿಲ್ಲಿಸಲು ಹೋದೆ.

ಬೇಸಿಗೆ ರಜೆಯಲ್ಲಿ ಆಕೆ ಆಪರೇಷನ್ ಮಾಡಿಸಿಕೊಂಡಳು. ಅತ್ತೆ ಮಾತು ಬಿಟ್ಟಿದ್ದರು. ಗಂಡ ಬಂದಿದ್ದ, ಆದರೆ ಆಸ್ಪತ್ರೆಯ ಗೇಟಿನಲ್ಲೇ ನಿಂತ. ಜೊತೆಗೆ ಒಳಗೆ ಹೋದವಳು ನಾನು. ಒಂದೇ ಮಗು, ಅದೂ ಹೆಣ್ಣು, ಸರಿಯಾಗಿ ಯೋಚನೆ ಮಾಡಿದ್ದೀಯಾ ಎಂದು ಡಾಕ್ಟರಮ್ಮ ಎರಡು ಸಲ ಕೇಳಿದರು. ಆಯಮ್ಮ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ನಮ್ಮತ್ತೆ ಏಳು ಹೆತ್ತವ್ರೆ ಡಾಕ್ಟ್ರಮ್ಮ. ಆಗ ಎಲ್ಲಾರ್ ಮಕ್ಳೂ ಒಂದೇ ಸ್ಕೂಲು. ಹಸ್ಕಂಡ್ರೂ ಜೊತೇಲೆ ಹಸ್ಕತಿದ್ರು. ನನ್ ಮಗ್ಳಿಗೆ ಹೊಟ್ಟೆ ತುಂಬ್ತದೆ. ಆದ್ರೆ ತಾನು ಕಮ್ಮಿ ಅನ್ನೋದ್ನ ದಿನಾ ಕಲ್ತ್ಕಂಡ್ ಬತ್ತಾಳೆ. ಇನ್ನೊಂದನ್ನ ಹೆತ್ತು ಅದ್ಕೂ ಅದ್ನೇ ಕಲ್ಸಕ್ಕೆ ನನ್ ಕೈಲಾಗಕಿಲ್ಲ."

ಡಾಕ್ಟರಮ್ಮ ಸಹಿಗೆ ಕಾಗದ ಮುಂದಿಟ್ಟರು.

ಶಾಲೆ ಮತ್ತೆ ತೆರೆದಾಗ, ಇನ್ನು ಹೆರಿಗೆ ರಜೆಯ ತಲೆನೋವು ಇಲ್ಲ ಬಿಡಿ ಎಂದು ಪ್ರಿನ್ಸಿಪಾಲರು ಸ್ಟಾಫ್ ರೂಮಿನಲ್ಲಿ ನಮ್ಮೆದುರು ತಮಾಷೆ ಮಾಡಿದರು. ಇವರಿಗೂ ಈಗೀಗ ಬುದ್ಧಿ ಬರುತ್ತಿದೆ ಎಂದರು ಇನ್ನೊಬ್ಬ ಟೀಚರು. ನಾನು ಡಬ್ಬಿ ತೆರೆದು ಚಿತ್ರಾನ್ನ ತಿನ್ನುತ್ತಿದ್ದೆ, ಪೂರ್ತಿ ತಿಂದೆ. ಜೂನಿನಲ್ಲಿ ಆಯಮ್ಮ ಮಗಳನ್ನು ಬಿಡಿಸಿ ಊರಿನ ಸರ್ಕಾರಿ ಶಾಲೆಗೆ ಹಾಕಿದಳು, ಕೆಲಸವನ್ನೂ ಬಿಟ್ಟಳು.

ಎರಡು ವರ್ಷದ ನಂತರ ನನಗೆ ಮಗ ಹುಟ್ಟಿದ. ನನ್ನ ತಾಯಿ ಇರಲಿಲ್ಲ. ಯಾರೋ ಹೇಳಿದ್ದನ್ನು ಕೇಳಿ ಆಯಮ್ಮ ತಾನಾಗಿಯೇ ಬಂದಳು. ಒಂದು ತಿಂಗಳು ದಿನವೂ ಬಸ್ಸು ಹತ್ತಿ ಬಂದು, ಕಾಲ ಮೇಲೆ ಮಲಗಿಸಿಕೊಂಡು ಕೊಬ್ಬರಿ ಎಣ್ಣೆ ಹಚ್ಚಿ ಮಗುವಿಗೆ ನೀರು ಹಾಕಿದಳು. ಮುಂದಿನದಕ್ಕೆ ಬೇಕಾಗುತ್ತದೆಂದು ಎತ್ತಿಟ್ಟಿದ್ದ ತನ್ನ ಮಗಳ ಹಳೆಯ ಪುಟ್ಟ ಅಂಗಿಗಳನ್ನೆಲ್ಲ ಗಂಟು ಕಟ್ಟಿ ತಂದುಕೊಟ್ಟಳು. ಆ ಪಟ್ಟಿಯ ಮಾತನ್ನು ಒಂದು ದಿನವೂ ಎತ್ತಲಿಲ್ಲ.

ಹೋದ ವರ್ಷ ಚಿಕ್ಕನಾಯಕನಹಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು. ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುತ್ತಿದ್ದಳಂತೆ. ಮಗಳು ಹೈಸ್ಕೂಲಿಗೆ ಬಂದಿದ್ದಳು. ನನ್ನ ಮಗನನ್ನು ಹೆಸರು ಹಿಡಿದು ವಿಚಾರಿಸಿ, ಯಾವ ಸ್ಕೂಲಿಗೆ ಹಾಕಿದ್ದೀರಿ ಎಂದು ಕೇಳಿದಳು. ಸರ್ಕಾರಿ ಶಾಲೆಗೆ ಎಂದು ನನ್ನ ಬಾಯಿಂದ ಬಂದುಬಿಟ್ಟಿತು. ಆಕೆ ಎರಡೂ ಕೈಯಲ್ಲಿ ನನ್ನ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಹತ್ತಿ ಕೂತು ಕಿಟಕಿಯಿಂದ ಬಗ್ಗಿ ಹೇಳಿದಳು.

"ಇನ್ನೊಂದ್ ಮಾಡ್ಕಳಿ ಮಿಸ್. ನಿಮ್ಮಂಥೋರ್ ಮನೇಲಿ ಮಕ್ಳಿರ್ಬೇಕು."

ನಾನು ಆಗಲಿ ಎಂದು ತಲೆಯಾಡಿಸಿದೆ.

ನನ್ನ ಮಗ ಓದುತ್ತಿರುವುದು ಆಯಮ್ಮ ತನ್ನ ಮಗಳನ್ನು ಬಿಡಿಸಿದ ಅದೇ ಶಾಲೆಯಲ್ಲಿ. ಅವನಿಗೊಬ್ಬ ತಮ್ಮನನ್ನೋ ತಂಗಿಯನ್ನೋ ನಾವು ಬೇಡವೆಂದದ್ದು, ಇಬ್ಬರಾದರೆ ಅವನು ಸಾಹುಕಾರರ ಮಕ್ಕಳ ಸಮಕ್ಕೆ ನಿಲ್ಲಲಾರ ಎಂಬ ಲೆಕ್ಕದಿಂದ. ಬಸ್ ಸ್ಟ್ಯಾಂಡಿನಲ್ಲಿ ಆಕೆಯ ಮುಖ ನೋಡಿ ಇದನ್ನು ಹೇಳಲಾಗಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ.