ಚಕ್ಕಡಿ ಗಾಲಿಗೆ ಕಟ್ಟಿದ ಡಬ್ಬಿ

ಹೋದ ತಿಂಗಳು ಪಾರ್ಸೆಲ್ ಬಿಚ್ಚುತ್ತಲೇ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ಕಲ್ಲುಗಳನ್ನು ಉರುಳಿಸಿ ನುಣುಪು ಮಾಡುವ ಪುಟ್ಟ ಯಂತ್ರ ಅದು. ಸಂಶಿಯ ಶಾಲೆಯಿಂದ ನಿವೃತ್ತಳಾದ ಮೇಲೆ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ. ಮಗಳು ಬಣ್ಣದ ದೀಪವಿರುವ ಪ್ಲಾಸ್ಟಿಕ್ಕಿನದನ್ನು ತೋರಿಸಿದ್ದಳು. ದಪ್ಪ ರಬ್ಬರಿನ ಡಬ್ಬಿಯದೇ ಬೇಕೆಂದು ನಾನು ಹಟ ಹಿಡಿದೆ. ನನ್ನದು ಒಂದೇ ಪ್ರಶ್ನೆ: ಮುಚ್ಚಳ ಸಿಡಿಯುತ್ತದೋ ಇಲ್ಲವೋ? ಮಗಳು ನಕ್ಕಳು. ಯರಗುಪ್ಪಿಯ ಕಾಕಾ ಇದ್ದಿದ್ದರೆ ನಗುತ್ತಿರಲಿಲ್ಲ.

ಕಾಕಾ ನಮ್ಮ ಬಾಜು ಮನೆಯವರು. ನನಗಾಗ ಹತ್ತು ವರ್ಷ. ಹಳ್ಳದ ದಂಡೆಯಿಂದ ಲಂಗದ ತುಂಬ ಕಲ್ಲು ತರುತ್ತಿದ್ದೆ. ನೀರಿನಲ್ಲಿ ಕೆಂಪಗೆ ಹೊಳೆಯುತ್ತಿದ್ದವು, ಮನೆ ಮುಟ್ಟುವಷ್ಟರಲ್ಲಿ ಬೂದಿ ಬಡಿದಂತೆ ಮಂಕಾಗುತ್ತಿದ್ದವು. "ಏನಬೇ, ಇವನ್ನ ಹಾಕಿ ಉಪ್ಪಿಟ್ಟು ಮಾಡ್ತೀ ಏನು?" ಎಂದು ಕಾಕಾ ಛೇಡಿಸಿದರು. ಒಣಗಿದರೂ ಹೊಳೆಯಬೇಕು ಎಂದೆ. ಅವರ ನಗು ನಿಂತಿತು. ಆಮೇಲೆ ಆ ಹುಚ್ಚು ನನಗಿಂತ ಅವರಿಗೇ ಹೆಚ್ಚು ಹಿಡಿಯಿತು... ಒಂದು ಕಲ್ಲಾದರೂ ಹೊಳೆಯುವುದನ್ನು ಕಣ್ಣಾರೆ ನೋಡಬೇಕು ಎಂದು.

ಹಳ್ಳದ ಕಲ್ಲು ನುಣುಪಾಗುವುದೇ ಉರುಳಿ ಉರುಳಿ. ಮನೆಯಲ್ಲಿ ಉರುಳಿಸಲು ಏನಿದೆ? ಸೈಕಲ್ಲಿನ ಗಾಲಿ ಭಾರ ತಾಳದು. ಹಿಟ್ಟಿನ ಗಿರಣಿಯವರು ಹೊಸ್ತಿಲು ಮೆಟ್ಟಗೊಡಲಿಲ್ಲ. ಉಳಿದದ್ದು ಚಕ್ಕಡಿ. ಕಾಕಾ ಎಣ್ಣೆಯ ಡಬ್ಬಿಗೆ ಕಲ್ಲು, ಮರಳು, ನೀರು ತುಂಬಿ ಹಳೆಯ ಟ್ಯೂಬಿನಿಂದ ಗಾಲಿಗೆ ಬಿಗಿದರು. ಹೊಲಕ್ಕೆ ಹೋಗುವಾಗ, ಬರುವಾಗ ಗಡಗಡ ಗಡಗಡ. ಎತ್ತುಗಳು ಎರಡು ದಿನ ಬೆದರಿ ಮೂರನೆಯ ದಿನ ಒಗ್ಗಿಕೊಂಡವು. ಅವರ ಹೆಂಡತಿ, ನಮ್ಮ ಕಾಕು, ಮಾತ್ರ ಒಗ್ಗಲಿಲ್ಲ.

ತಿಂಗಳುಗಟ್ಟಲೆ ಉರುಳಿ ಕಲ್ಲು ದುಂಡಗಾದವು, ಹೊಳಪು ಬರಲಿಲ್ಲ. ತಾಮ್ರದ ಕೊಡ ಹುಣಸೆಹಣ್ಣಿಗೆ ಹೊಳೆಯುತ್ತದೆ, ಬಟ್ಟೆ ಸೋಡಾಕ್ಕೆ ಬೆಳ್ಳಗಾಗುತ್ತದೆ, ಕಲ್ಲು ಎರಡಕ್ಕೂ ಬಗ್ಗಲೇಬೇಕು ಎಂದು ಕಾಕಾ ಲೆಕ್ಕ ಹಾಕಿದರು. ಎರಡನ್ನೂ ಸುರಿದು ಮುಚ್ಚಳ ಜಡಿದರು. ಅವತ್ತು ಶೀಗಿ ಹುಣ್ಣಿಮೆ. ಊರಿಗೆ ಊರೇ ಚಕ್ಕಡಿ ಹೂಡಿ ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗವೆಂದು ಎಡೆ ಚೆಲ್ಲಿ ಅಲ್ಲೇ ಉಣ್ಣುವ ದಿನ. ಕಾಕು ಕಡಬು, ಹೋಳಿಗೆಯ ಬುಟ್ಟಿ ಹಿಡಿದು ಆ ಗಾಲಿಯ ಬಾಜುವೇ ಕೂತಿದ್ದರು. ಊರು ದಾಟುತ್ತಲೇ ಢಂ! ಹುಳಿ, ಸೋಡಾ ಸೇರಿ ಉಕ್ಕಿ ಮುಚ್ಚಳ ಹಾರಿತು. ಇಳಕಲ್ ಸೀರೆ, ಬುಟ್ಟಿ, ಎಲ್ಲದರ ಮೇಲೂ ಹುಳಿಗೆಸರು...

"ಇದನ್ನ ಈಗಿಂದೀಗ ಬಿಚ್ಚಿ ಒಗೀರಿ. ಇಲ್ಲಾಂದ್ರ ನಾ ಇಳದು ನಡಕೋತ ಹೋಗ್ತೀನಿ!"

ಹಿಂದಿನ ಚಕ್ಕಡಿಯವರು ಹೊಟ್ಟೆ ಹಿಡಿದು ನಕ್ಕರು. ಕಾಕಾ ಕೂಡ ನಗುತ್ತಲೇ ಬಿಚ್ಚಿದರು. ಮತ್ತೆಂದೂ ಕಟ್ಟಲಿಲ್ಲ.

ಅವರು ಹೋಗಿ ಬಹಳ ವರ್ಷಗಳಾದವು. ಅದೇ ಹಳ್ಳದ ಕಲ್ಲು ತುಂಬಿದ ನನ್ನ ಯಂತ್ರ ತಿಂಗಳಿಡೀ ತಿರುಗಿತು. ಮೊದಲು ಒರಟು ಪುಡಿ, ಆಮೇಲೆ ನುಣ್ಣನೆಯದು, ಕೊನೆಗೆ ಹೊಳಪಿನ ಪುಡಿ. ಕಾಕಾಗೆ ಸಿಗದೇ ಹೋದದ್ದು ಆ ಕೊನೆಯ ಪುಡಿ, ಅಷ್ಟೇ. ಡಬ್ಬಿ ತೆರೆದಾಗ ಚಿಕ್ಕ ಹುಡುಗಿಯಂತೆ ಕುಣಿದೆ. ಮರುಕ್ಷಣ, ತೋರಿಸಲು ಅವರಿಲ್ಲವಲ್ಲ ಎಂದು ಸಂಕಟವಾಯಿತು.

ಭಾನುವಾರ ಯರಗುಪ್ಪಿಗೆ ಹೋದೆ. ಕಾಕು ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತಿದ್ದರು. ಅವರ ಅಂಗೈಯಲ್ಲಿ ಒಂದು ಕೆಂಪು ಕಲ್ಲು ಇಟ್ಟೆ. ಒದ್ದೆಯಾಗಿದೆ ಎಂದುಕೊಂಡು ಸೆರಗಿನಿಂದ ಒರೆಸಿದರು. ಮತ್ತೊಮ್ಮೆ ಒರೆಸಿದರು. ಆಮೇಲೆ ಮುಷ್ಟಿ ಮುಚ್ಚಿಕೊಂಡರು.

"ಇಷ್ಟ ಹೊಳೀತಾವಂತ ಗೊತ್ತಿದ್ರ," ಎಂದರು, "ಅವತ್ತ ಆ ಡಬ್ಬಿ ಬಿಚ್ಚಸ್ತಿದ್ದಿಲ್ಲ ಬೇ."